ನೋವಿನ ಪರಿಭಾಷೆ

ಬಹುಕಾಲದ ಬೆನ್ನುನೋವು, ಮಂಡಿನೋವು ಅಥವಾ ಅರೆತಲೆನೋವಿನಿಂದ ನರಳುತ್ತಿರುವವರ ಮನೆಯಲ್ಲಿ ಕಾಗದಗಳ ಒಂದು ಕಟ್ಟು ಇದ್ದೇ ಇರುತ್ತದೆ. ವೈದ್ಯರ ಚೀಟಿಗಳು, ರಕ್ತಪರೀಕ್ಷೆಯ ವರದಿಗಳು, ಕ್ಷಕಿರಣ ಚಿತ್ರದೊಡನೆ ಬಂದ ಟಿಪ್ಪಣಿಗಳು ವರ್ಷದಿಂದ ವರ್ಷಕ್ಕೆ ಅದರಲ್ಲಿ ಸೇರುತ್ತ ಹೋಗುತ್ತವೆ. ಅವುಗಳಲ್ಲಿ ಬರೆದಿರುವುದೆಲ್ಲ ರೋಗಿಯ ದೇಹವನ್ನೇ ಕುರಿತದ್ದು. ಆದರೆ ಅದನ್ನು ಓದಿ ತಿಳಿಯಲಾರದವನೂ ಆ ರೋಗಿಯೇ. ಕೆಲವು ಪದಗಳು ಗ್ರೀಕ್ ಭಾಷೆಯವು, ಕೆಲವು ಲ್ಯಾಟಿನ್ ಭಾಷೆಯವು; ಉಳಿದವು ಎರಡು ಮೂರು ಇಂಗ್ಲಿಷ್ ಅಕ್ಷರಗಳ ಸಂಕ್ಷೇಪಗಳು.

ಇದರಿಂದ ಎರಡು ಬಗೆಯ ಕೇಡು ಉಂಟಾಗುತ್ತದೆ. ಸಾಮಾನ್ಯವಾದ ಮಾತೊಂದನ್ನು ಭಯಂಕರ ರೋಗದ ಹೆಸರೆಂದು ಬಗೆದು ರೋಗಿಯು ಎದೆಗುಂದುವುದು ಒಂದು. ಔಷಧದ ಚೀಟಿಯನ್ನು ತಪ್ಪಾಗಿ ತಿಳಿದು, ಒಂದೇ ಮದ್ದನ್ನು ಬೇರೆ ಬೇರೆ ಹೆಸರುಗಳಲ್ಲಿ ಸೇವಿಸುವುದು ಇನ್ನೊಂದು. ಈ ಎರಡನೆಯದು ಪ್ರಾಣಕ್ಕೇ ಎರವಾಗಬಲ್ಲುದು. ಆದಕಾರಣ ನೋವಿಗೆ ಸಂಬಂಧಿಸಿದ ಮುಖ್ಯ ಪದಗಳ ಅರ್ಥವನ್ನೂ ಅವುಗಳ ರಚನೆಯನ್ನೂ ಇಲ್ಲಿ ಪರಿಶೀಲಿಸೋಣ. ವಾಚಕರು ತಮಗೆ ತಾವೇ ಚಿಕಿತ್ಸೆ ಮಾಡಿಕೊಳ್ಳಲೆಂದು ಇದನ್ನು ಬರೆಯುತ್ತಿಲ್ಲ. ವೈದ್ಯರೊಡನೆ ಆಡುವ ಮಾತು ಸ್ಪಷ್ಟವಾಗಲೆಂಬುದೇ ಇದರ ಉದ್ದೇಶ.

ನೋವು ಎಂದರೇನು?

ನೋವಿನ ಅಧ್ಯಯನಕ್ಕೆಂದೇ 1973ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಂಘವೊಂದಿದೆ. ಅದು 1979ರಲ್ಲಿ ನೋವಿನ ಲಕ್ಷಣವನ್ನು ನಿರೂಪಿಸಿ, 2020ರಲ್ಲಿ ಆ ನಿರೂಪಣೆಯನ್ನು ತಿದ್ದಿತು. ಅದರ ಸಾರವಿಷ್ಟು: ಅಂಗಾಂಶಗಳಿಗೆ ಹಾನಿ ಆಗಿರುವಾಗ, ಅಥವಾ ಆಗುವಂತಿರುವಾಗ ಉಂಟಾಗುವ, ಇಲ್ಲವೆ ಅಂಥದನ್ನು ಹೋಲುವ, ಅಹಿತವಾದ ಸಂವೇದನೆ ಮತ್ತು ಭಾವನೆಗಳ ಅನುಭವವೇ ನೋವು. ಇದರಲ್ಲಿ 'ಹೋಲುವ' ಎಂಬ ಮಾತು ಗಮನಿಸತಕ್ಕದ್ದು. ಗಾಯವು ಕಣ್ಣಿಗೆ ಕಾಣದಿದ್ದರೂ ನೋವು ನಿಜವೇ. ತನಗೆ ನೋವಿದೆಯೆಂದು ಒಬ್ಬನು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದು ಅದೇ ನಿರೂಪಣೆಯ ಟಿಪ್ಪಣಿಯಲ್ಲಿ ಹೇಳಿದೆ.

ಇಲ್ಲಿಯೇ ಇನ್ನೊಂದು ಪದವನ್ನು ಬೇರ್ಪಡಿಸಿ ತಿಳಿಯಬೇಕು. ಸುಡುವ ಪಾತ್ರೆಯನ್ನು ಮುಟ್ಟಿದಾಗ ಚರ್ಮದಲ್ಲಿರುವ ನರಗಳ ತುದಿಗಳು ಎಚ್ಚೆತ್ತು, ಮಿದುಳುಬಳ್ಳಿಯ ಮೂಲಕ ಮಿದುಳಿಗೆ ಸುದ್ದಿಯನ್ನು ಕಳುಹಿಸುತ್ತವೆ. ಇದಕ್ಕೆ 'ನೋಸಿಸೆಪ್ಷನ್' ಎಂದು ಹೆಸರು. ಹಾನಿಮಾಡು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಈ ಪದವನ್ನು ಕಟ್ಟಿಕೊಟ್ಟವನು ಇಂಗ್ಲೆಂಡಿನ ಶರೀರವಿಜ್ಞಾನಿ ಚಾರ್ಲ್ಸ್ ಷೆರಿಂಗ್ಟನ್. ನರಗಳ ಈ ಸುದ್ದಿ ಬೇರೆ, ನಾವು ಅನುಭವಿಸುವ ನೋವು ಬೇರೆ. ಸುದ್ದಿ ಬಂದರೂ ನೋವು ತೋರದಿರುವುದುಂಟು; ಯುದ್ಧರಂಗದಲ್ಲಿ ಗಾಯಗೊಂಡ ಸೈನಿಕನು ಕೆಲವೊಮ್ಮೆ ಆ ಕ್ಷಣದಲ್ಲಿ ಏನನ್ನೂ ಅರಿಯುವುದಿಲ್ಲ. ಸುದ್ದಿ ಕಳುಹಿಸುವ ಅಂಗವೇ ಇಲ್ಲದಿದ್ದರೂ ನೋವು ಇರುವುದುಂಟು. ಕಾಲನ್ನು ಕತ್ತರಿಸಿ ತೆಗೆದ ಮೇಲೂ ಅದರ ಬೆರಳು ನೋಯುತ್ತಿದೆಯೆಂದು ಹೇಳುವವರಿದ್ದಾರೆ.

ಅಕ್ಯೂಟ್ ಮತ್ತು ಕ್ರಾನಿಕ್

ವೈದ್ಯರ ಮಾತಿನಲ್ಲಿ ಅತಿ ಹೆಚ್ಚಾಗಿ ತಪ್ಪುಗ್ರಹಿಕೆಗೆ ಒಳಗಾಗುವ ಜೋಡಿ ಇದು. 'ಅಕ್ಯೂಟ್' ಎಂದರೆ ತುಂಬ ಜೋರಾದದ್ದು, 'ಕ್ರಾನಿಕ್' ಎಂದರೆ ಎಂದೂ ವಾಸಿಯಾಗದ್ದು ಎಂಬ ಭಾವನೆ ಜನರಲ್ಲಿದೆ. ಎರಡೂ ಸರಿಯಲ್ಲ. ಇವು ನೋವಿನ ಪ್ರಮಾಣವನ್ನು ಹೇಳುವ ಪದಗಳಲ್ಲ. ಕಾಲವನ್ನು ಹೇಳುವ ಪದಗಳು. ಗ್ರೀಕ್ ಭಾಷೆಯಲ್ಲಿ 'ಕ್ರೋನೋಸ್' ಎಂದರೆ ಕಾಲ. ಈಚೆಗೆ ಆರಂಭವಾದ ನೋವು ಅಕ್ಯೂಟ್. ಮೂರು ತಿಂಗಳನ್ನು ಮೀರಿ ಉಳಿದದ್ದು ಅಥವಾ ಮತ್ತೆ ಮತ್ತೆ ಮರುಕಳಿಸಿದ್ದು ಕ್ರಾನಿಕ್. ಸಣ್ಣಗೆ ಕೊರೆಯುವ ಮಂಡಿನೋವು ಕ್ರಾನಿಕ್ ಆಗಿರಬಹುದು. ನಿನ್ನೆಯಿಂದ ಪ್ರಾಣ ಹಿಂಡುತ್ತಿರುವ ಹಲ್ಲುನೋವು ಅಕ್ಯೂಟ್.

ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಪರಿಷ್ಕರಣವು 2022ರ ಜನವರಿಯಲ್ಲಿ ಜಾರಿಗೆ ಬಂದಿತು. ಅದರಲ್ಲಿ ದೀರ್ಘಕಾಲಿಕ ನೋವಿಗೆ ತನ್ನದೇ ಆದ ಸ್ಥಾನ ದೊರೆತಿದೆ. ಬೇರೊಂದು ರೋಗದ ಲಕ್ಷಣವಾಗಿ ಮಾತ್ರವಲ್ಲದೆ, ತಾನೇ ಒಂದು ವ್ಯಾಧಿಯಾಗಿಯೂ ನೋವು ನಿಲ್ಲಬಲ್ಲುದೆಂಬುದನ್ನು ಈ ಮೂಲಕ ಒಪ್ಪಿಕೊಂಡಂತಾಯಿತು.

ಪದಗಳ ಬೇರುಗಳು

ವೈದ್ಯಶಾಸ್ತ್ರದ ಉದ್ದುದ್ದ ಪದಗಳು ನಮ್ಮ ಸಮಾಸಗಳಂತೆಯೇ ಚಿಕ್ಕ ಚಿಕ್ಕ ತುಂಡುಗಳಿಂದ ಜೋಡಿಸಿದವು. ಹತ್ತು ಹನ್ನೆರಡು ತುಂಡುಗಳ ಪರಿಚಯವಿದ್ದರೆ ನೂರಾರು ಪದಗಳನ್ನು ಬಿಡಿಸಬಹುದು.

ಗ್ರೀಕಿನಲ್ಲಿ 'ಆಲ್ಗೋಸ್' ಎಂದರೆ ನೋವು. ಪದದ ಕೊನೆಯಲ್ಲಿ 'ಆಲ್ಜಿಯಾ' ಎಂದಿದ್ದರೆ ಅದು ನೋವನ್ನು ಮಾತ್ರ ಸೂಚಿಸುತ್ತದೆ, ಕಾರಣವನ್ನು ಹೇಳುವುದಿಲ್ಲ. 'ಮಯೋ' ಸ್ನಾಯು, 'ಆರ್ಥ್ರೋ' ಕೀಲು, 'ನ್ಯೂರೋ' ನರ. ಹೀಗೆ ಮಯಾಲ್ಜಿಯಾ ಎಂದರೆ ಸ್ನಾಯುನೋವು, ಆರ್ಥ್ರಾಲ್ಜಿಯಾ ಎಂದರೆ ಕೀಲುನೋವು, ನ್ಯೂರಾಲ್ಜಿಯಾ ಎಂದರೆ ನರದ ನೋವು. ಇಲ್ಲ ಎಂಬರ್ಥದ 'ಅನ್' ಮುಂದೆ ಸೇರಿದರೆ ಅನಾಲ್ಜೆಸಿಕ್, ಅಂದರೆ ನೋವುನಿವಾರಕ. ತವರಿನ ಹಂಬಲವನ್ನು ಸೂಚಿಸುವ 'ನಾಸ್ಟಾಲ್ಜಿಯಾ' ಕೂಡ ಇದೇ ಕುಟುಂಬದ್ದು. ಅದನ್ನು 1688ರಲ್ಲಿ ರೋಗವೊಂದರ ಹೆಸರಾಗಿಯೇ ರಚಿಸಿದವನು ಯೋಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ.

'ಐಟಿಸ್' ಎಂದು ಮುಗಿದರೆ ಉರಿಯೂತ; 'ಓಸಿಸ್' ಎಂದು ಮುಗಿದರೆ ಬಹುಮಟ್ಟಿಗೆ ಸವೆತ ಅಥವಾ ಮಾರ್ಪಾಡು; 'ಪತಿ' ಎಂದರೆ ವಿಕಾರ. ಈ ಭೇದ ಕೇವಲ ವ್ಯಾಕರಣದ್ದಲ್ಲ. ನಮ್ಮಲ್ಲಿ ಕುತ್ತಿಗೆ ಹಿಡಿದುಕೊಂಡವರೆಲ್ಲ ತಮಗೆ 'ಸ್ಪಾಂಡಿಲೈಟಿಸ್' ಎಂದು ಹೇಳಿಕೊಳ್ಳುವ ವಾಡಿಕೆಯಿದೆ. ವಾಸ್ತವವಾಗಿ ಅವರಲ್ಲಿ ಹಲವರಿಗೆ ಇರುವುದು ಸ್ಪಾಂಡಿಲೋಸಿಸ್, ಎಂದರೆ ವಯಸ್ಸಿಗೆ ತಕ್ಕಂತೆ ಬೆನ್ನೆಲುಬಿನ ಮಣಿಗಳಲ್ಲಿ ಆಗುವ ಸವೆತ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬುದು ಬಹುಮಟ್ಟಿಗೆ ತಾರುಣ್ಯದಲ್ಲೇ ಕಾಣಿಸಿಕೊಳ್ಳುವ, ಬೇರೆಯೇ ಚಿಕಿತ್ಸೆ ಬೇಕಾದ ಉರಿಯೂತದ ರೋಗ. ಬೆಳಗಿನ ಹೊತ್ತು ಬೆನ್ನು ಬಹಳ ಬಿಗಿದು, ಓಡಾಡಿದ ಮೇಲೆ ಸಡಿಲಗೊಳ್ಳುವುದು ಅದರ ಒಂದು ಲಕ್ಷಣ. ಒಂದರ ಹೆಸರನ್ನು ಇನ್ನೊಂದಕ್ಕೆ ಕೊಟ್ಟರೆ ಸವೆತವಿರುವವನು ವೃಥಾ ಹೆದರುತ್ತಾನೆ. ಉರಿಯೂತವಿರುವ ಯುವಕನು ಇದು ಎಲ್ಲರಿಗೂ ಬರುವುದೇ ಎಂದು ಅಲಕ್ಷಿಸುತ್ತಾನೆ.

ನಮ್ಮ ಶಾಸ್ತ್ರಗಳಿಗೂ ಈ ಹೆಸರಿಡುವ ಕ್ರಮ ಹೊಸದಲ್ಲ. ತಲೆಯ ಅರ್ಧಭಾಗ ಎಂಬರ್ಥದ ಗ್ರೀಕ್ ಪದವಾದ 'ಹೆಮಿಕ್ರೇನಿಯಾ' ಫ್ರೆಂಚರ ಬಾಯಲ್ಲಿ 'ಮೈಗ್ರೇನ್' ಆಯಿತು. ಆಯುರ್ವೇದದ 'ಅರ್ಧಾವಭೇದಕ'ವೂ ನಮ್ಮ 'ಅರೆತಲೆನೋವೂ' ಅದೇ ಲಕ್ಷಣವನ್ನು ಹಿಡಿದು ಹೊರಟ ಹೆಸರುಗಳು. ಸೊಂಟದಿಂದ ಕಾಲಿಗೆ ಇಳಿಯುವ ನೋವಿಗೆ ಪಾಶ್ಚಾತ್ಯರು 'ಸಯಾಟಿಕಾ' ಎಂದರೆ, ಆಯುರ್ವೇದದಲ್ಲಿ 'ಗೃಧ್ರಸೀ' ಎಂಬ ಹೆಸರಿದೆ.

ನೋವಿನ ಮೂರು ಬಗೆಗಳು

ಇಂದಿನ ವೈದ್ಯರು ನೋವನ್ನು ಅದರ ಮೂಲವನ್ನನುಸರಿಸಿ ಮೂರಾಗಿ ವಿಂಗಡಿಸುತ್ತಾರೆ. ಗಾಯ, ಊತ, ಕೀಲಿನ ಸವೆತ ಮುಂತಾದವುಗಳಿಂದ ಬರುವುದು 'ನೋಸಿಸೆಪ್ಟಿವ್'. ನರಕ್ಕೇ ಹಾನಿ ತಗಲಿದಾಗ ಬರುವುದು 'ನ್ಯೂರೋಪತಿಕ್'; ಮಧುಮೇಹಿಗಳ ಅಂಗಾಲುರಿ, ಸರ್ಪಸುತ್ತು ಮಾಗಿದ ಮೇಲೂ ಉಳಿಯುವ ನೋವು ಇದಕ್ಕೆ ದೃಷ್ಟಾಂತಗಳು. ಅಂಗಾಂಶಕ್ಕಾಗಲಿ ನರಕ್ಕಾಗಲಿ ಹಾನಿಯ ಸ್ಪಷ್ಟ ಗುರುತಿಲ್ಲದೆ, ನೋವನ್ನು ಗ್ರಹಿಸುವ ವ್ಯವಸ್ಥೆಯೇ ಏರುಪೇರಾಗಿ ಬರುವುದು 'ನೋಸಿಪ್ಲಾಸ್ಟಿಕ್'. ಈ ಪದಕ್ಕೆ ಮನ್ನಣೆ ದೊರೆತದ್ದು 2017ರಲ್ಲಿ. ಮೈಯೆಲ್ಲ ನೋಯುವ ಫೈಬ್ರೋಮಯಾಲ್ಜಿಯಾ ಈ ಮೂರನೆಯ ಗುಂಪಿಗೆ ಸೇರುತ್ತದೆ. ಒಬ್ಬನಲ್ಲೇ ಎರಡು ಬಗೆಗಳು ಕೂಡಿರುವುದೂ ಉಂಟು.

ಇದರೊಡನೆ ಮತ್ತೆರಡು ಪದಗಳನ್ನು ತಿಳಿಯಬೇಕು. ನೋಯಬಾರದ್ದು ನೋಯುವುದು 'ಅಲೋಡಿನಿಯಾ'. ಹೊದ್ದ ಬಟ್ಟೆ ತಗುಲಿದರೂ ಚರ್ಮ ಉರಿಯುವುದು ಇದರ ಉದಾಹರಣೆ. ಸ್ವಲ್ಪವೇ ನೋಯಬೇಕಾದದ್ದು ವಿಪರೀತವಾಗಿ ನೋಯುವುದು 'ಹೈಪರಾಲ್ಜೀಸಿಯಾ'. ರೋಗಿಯು ಅತಿಶಯೋಕ್ತಿ ಆಡುತ್ತಿದ್ದಾನೆಂದು ಮನೆಯವರು ಭಾವಿಸುವ ಎಷ್ಟೋ ಸಂದರ್ಭಗಳಲ್ಲಿ ಇರುವುದು ಇವೇ.

ನೋವಿನ ಬಗೆಯನ್ನು ಗುರುತಿಸಲು ವೈದ್ಯರಿಗೆ ಸಿಗುವ ಮೊದಲ ಸಾಧನ ರೋಗಿಯ ಮಾತು. ಕೆನಡಾ ದೇಶದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನು 20 ಗುಂಪುಗಳಲ್ಲಿ ಜೋಡಿಸಿದ್ದಾನೆ. ಈ ವಿಷಯದಲ್ಲಿ ಕನ್ನಡವು ಬಡಭಾಷೆಯಲ್ಲ. ತಲೆ ಸಿಡಿಯುತ್ತದೆ, ಹೊಟ್ಟೆ ಕಿವುಚುತ್ತದೆ, ಕಾಲು ಸೆಳೆಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಅಂಗಾಲು ಉರಿಯುತ್ತದೆ, ಕೈ ಜೋಮು ಹಿಡಿಯುತ್ತದೆ, ಪಕ್ಕೆಯಲ್ಲಿ ಚಳುಕು ಬರುತ್ತದೆ. ಉರಿ, ಜುಮುಜುಮು, ಜೋಮು, ವಿದ್ಯುತ್ತು ಹೊಡೆದಂತಾಗುವುದು, ಇವು ನರದ ನೋವಿನ ಕಡೆಗೆ ಬೆರಳು ತೋರಿಸುತ್ತವೆ. ಇವೆಲ್ಲವನ್ನೂ 'ಪೇನ್' ಎಂಬ ಒಂದೇ ಪದದಲ್ಲಿ ಅಡಗಿಸಿ ಹೇಳಿದರೆ ವೈದ್ಯರಿಗೆ ಸಿಗಬೇಕಾದ ಸುಳಿವು ತಪ್ಪಿಹೋಗುತ್ತದೆ.

ಟಿಪ್ಪಣಿಯೊಂದನ್ನು ಬಿಡಿಸೋಣ

ಈಗ ಅಭ್ಯಾಸಕ್ಕಾಗಿ ವೈದ್ಯರ ಟಿಪ್ಪಣಿಯ ಮಾದರಿಯೊಂದನ್ನು ತೆಗೆದುಕೊಳ್ಳೋಣ: "ಸಿ/ಒ ಎಲ್.ಬಿ.ಪಿ. 6/12. ಕೆ/ಸಿ/ಒ ಡಿ.ಎಂ. ಎಸ್.ಎಲ್.ಆರ್. ಬಲಗಡೆ 40. ಎಂ.ಆರ್.ಐ.: ಎಲ್4–ಎಲ್5 ಪಿ.ಐ.ವಿ.ಡಿ."

ಸಿ/ಒ ಎಂದರೆ ರೋಗಿಯು ಹೇಳಿಕೊಂಡ ತೊಂದರೆ. ಎಲ್.ಬಿ.ಪಿ. ಎಂದರೆ ಸೊಂಟದ ಭಾಗದ ಬೆನ್ನುನೋವು. 6/12 ಎಂಬುದು ಲೆಕ್ಕದ ಭಿನ್ನರಾಶಿಯಲ್ಲ. ವರ್ಷದ ಹನ್ನೆರಡು ತಿಂಗಳುಗಳಲ್ಲಿ ಆರು, ಅಂದರೆ ಆರು ತಿಂಗಳಿಂದ. ಹೀಗೆಯೇ 3/7 ಎಂದರೆ ಮೂರು ದಿನ, 2/52 ಎಂದರೆ ಎರಡು ವಾರ. ಆದರೆ ಕಣ್ಣಿನ ವೈದ್ಯರ ಚೀಟಿಯಲ್ಲಿ 6/12 ಎಂದಿದ್ದರೆ ಅದು ದೃಷ್ಟಿಯ ಅಳತೆ. ಕೆ/ಸಿ/ಒ ಡಿ.ಎಂ. ಎಂದರೆ ಮಧುಮೇಹ ಇದೆಯೆಂದು ಮೊದಲೇ ತಿಳಿದಿರುವ ರೋಗಿ. ಮಧುಮೇಹವೇ ನರಗಳನ್ನು ಕೆಡಿಸಬಲ್ಲುದಾದುದರಿಂದ ಈ ಮಾತು ಮುಖ್ಯ. ಎಸ್.ಎಲ್.ಆರ್. ಒಂದು ಸರಳ ಪರೀಕ್ಷೆ. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿಯನ್ನು ಮಡಿಸದೆ ಕಾಲನ್ನು ಮೇಲೆತ್ತುತ್ತಾರೆ; ಇಲ್ಲಿ ಬಲಗಾಲು 40 ಡಿಗ್ರಿಗೆ ಏರುವಷ್ಟರಲ್ಲೇ ಕಾಲಿನುದ್ದಕ್ಕೂ ನೋವು ಹರಿದಿದೆ. ನರದ ಬೇರು ಒತ್ತಡಕ್ಕೆ ಸಿಕ್ಕಿರಬಹುದೆಂಬ ಸೂಚನೆ ಇದು.

ಕೊನೆಯ ಭಾಗ ಬೆನ್ನೆಲುಬಿನ ವಿಳಾಸ. ಕುತ್ತಿಗೆಯ ಏಳು ಮಣಿಗಳಿಗೆ ಸಿ, ಎದೆಯ ಭಾಗದ ಹನ್ನೆರಡಕ್ಕೆ ಡಿ ಅಥವಾ ಟಿ, ಸೊಂಟದ ಐದಕ್ಕೆ ಎಲ್ ಎಂಬ ಅಕ್ಷರಗಳು. ಅದರ ಕೆಳಗಿನದು ಎಸ್. ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಮೆತ್ತೆಯು ಹೊರಕ್ಕೆ ಉಬ್ಬಿದೆಯೆಂಬುದೇ ಪಿ.ಐ.ವಿ.ಡಿ.ಯ ಅರ್ಥ.

ಒಂದೇ ಸಂಕ್ಷೇಪಕ್ಕೆ ಹಲವು ಅರ್ಥಗಳಿರುವುದೂ ಉಂಟು. ಸಿ.ಆರ್.ಪಿ. ಎಂಬುದು ದೇಹದಲ್ಲಿ ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನು. ಅದರ ಮುಂದೆ ಒಂದು ಎಸ್. ಸೇರಿ ಸಿ.ಆರ್.ಪಿ.ಎಸ್. ಆದರೆ ಅದು ಬೇರೆಯೇ ವಿಷಯ. ಪೆಟ್ಟು ಅಥವಾ ಮೂಳೆಮುರಿತದ ಬಳಿಕ ಕೈ ಅಥವಾ ಕಾಲು ಊದಿ, ಬಣ್ಣ ಬದಲಾಗಿ, ಗಾಯಕ್ಕೆ ಮೀರಿ ಉರಿಯುವ ವ್ಯಾಧಿ. ಅಮೆರಿಕದ ಅಂತರ್ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕರಲ್ಲಿ ಇಂಥ ನೋವನ್ನು ಕಂಡ ವೈದ್ಯ ವಿಯರ್ ಮಿಚೆಲ್ 'ಕಾಸಾಲ್ಜಿಯಾ', ಅಂದರೆ ಸುಡುನೋವು ಎಂದು ಕರೆದನು. ಇಂದಿನ ಹೆಸರು ರೂಢಿಗೆ ಬಂದದ್ದು 1994ರಲ್ಲಿ. ಎಂ.ಎಸ್. ಎಂದರೆ ನರರೋಗದ ವೈದ್ಯರಿಗೆ ಮಲ್ಟಿಪಲ್ ಸ್ಕ್ಲಿರೋಸಿಸ್, ಹೃದಯದ ವೈದ್ಯರಿಗೆ ಹೃದಯದ ಒಂದು ಕವಾಟ ಕಿರಿದಾಗಿರುವುದು. ಔಷಧದ ಪಟ್ಟಿಯಲ್ಲಿ ಅದನ್ನು ಮಾರ್ಫಿನ್ ಸಲ್ಫೇಟ್ ಎಂದೂ ಓದಬಹುದು, ಮೆಗ್ನೀಸಿಯಂ ಸಲ್ಫೇಟ್ ಎಂದೂ ಓದಬಹುದು. ಆದುದರಿಂದಲೇ ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ 2004ರಲ್ಲಿ ಬಳಸಬಾರದ ಸಂಕ್ಷೇಪಗಳ ಪಟ್ಟಿಯನ್ನು ಜಾರಿಗೆ ತಂದು, ಇದನ್ನು ಅದರಲ್ಲಿ ಸೇರಿಸಿತು.

ಔಷಧದ ಚೀಟಿ

ಚೀಟಿಯ ತಲೆಯಲ್ಲಿರುವ ಗುರುತು 'ತೆಗೆದುಕೋ' ಎಂಬರ್ಥದ ಲ್ಯಾಟಿನ್ ಕ್ರಿಯಾಪದದ ಸಂಕ್ಷೇಪ. ಬಿ.ಡಿ. ಎಂದರೆ ದಿನಕ್ಕೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ, ಕ್ಯೂ.ಐ.ಡಿ. ಎಂದರೆ ನಾಲ್ಕು ಸಲ. ಎಚ್.ಎಸ್. ಮಲಗುವ ಹೊತ್ತಿಗೆ; ಎ.ಸಿ. ಊಟಕ್ಕೆ ಮುಂಚೆ, ಪಿ.ಸಿ. ಊಟದ ನಂತರ. ಎಸ್.ಒ.ಎಸ್. ಎಂದು ಕಂಡರೆ ಮುಳುಗುವ ಹಡಗಿನ ನೆನಪಾಗಬೇಕಾದುದಿಲ್ಲ. 'ಅಗತ್ಯವಿದ್ದರೆ ಮಾತ್ರ' ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಅವು. ಅಗತ್ಯವಿದ್ದರೂ ದಿನಕ್ಕೆ ಎಷ್ಟರ ತನಕ ಎಂಬುದನ್ನು ರೋಗಿಯು ಕೇಳಿಕೊಳ್ಳಲೇಬೇಕು. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ 1–0–1 ಎಂಬ ಕ್ರಮ ಎಲ್ಲಕ್ಕಿಂತ ಸುಲಭವಾದುದು: ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.

ಒ.ಡಿ. ಎಂಬುದರಲ್ಲಿ ಎಚ್ಚರ ಬೇಕು. ನಮ್ಮಲ್ಲಿ ಅದಕ್ಕೆ ದಿನಕ್ಕೊಮ್ಮೆ ಎಂದರ್ಥ. ಕಣ್ಣಿನ ಚೀಟಿಯಲ್ಲಿ ಬಲಗಣ್ಣು. ಅಮೆರಿಕದಲ್ಲಿ ಮಿತಿಮೀರಿದ ಸೇವನೆ. ಇಲ್ಲಿಯ ಚೀಟಿಗಳನ್ನು ಹಿಡಿದು ಮಕ್ಕಳ ಮನೆಗೆಂದು ಅಲ್ಲಿಗೆ ಹೋಗುವ ಹಿರಿಯರು ಇಂಥ ಸಂಕ್ಷೇಪಗಳನ್ನು ಪೂರ್ಣರೂಪದಲ್ಲಿ ಬರೆಸಿಕೊಂಡು ಹೋಗುವುದು ಲೇಸು. ಔಷಧಗಳನ್ನು ಮೂಲನಾಮದಲ್ಲಿ, ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ಮಾಡಿತು. ಬಿಡಿಸಿ ಬರೆದುಕೊಡಿರೆಂದು ಕೇಳುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

ಒಂದೇ ಮದ್ದು, ಹಲವು ಹೆಸರು

ಈ ಲೇಖನದಲ್ಲಿ ಒಂದೇ ಒಂದು ಅಂಶವನ್ನು ನೆನಪಿಡುವುದಾದರೆ ಅದು ಇದಾಗಲಿ. ಪ್ಯಾರಾಸಿಟಮಾಲ್ ಎಂಬ ಮದ್ದನ್ನು ನಮ್ಮ ಚೀಟಿಗಳಲ್ಲಿ ಪಿ.ಸಿ.ಎಂ. ಎಂದು ಬರೆಯುವುದುಂಟು. ಅಮೆರಿಕದಲ್ಲಿ ಅದೇ ಅಸೆಟಮಿನೋಫೆನ್. ಅಲ್ಲಿಯ ಔಷಧದ ಸೀಸೆಗಳ ಮೇಲೆ ಎ.ಪಿ.ಎ.ಪಿ. ಎಂದೂ ಕಾಣಬಹುದು. ಎಲ್ಲವೂ ಒಂದೇ ರಾಸಾಯನಿಕ ನಾಮದಿಂದ ಬೇರೆ ಬೇರೆ ತುಂಡುಗಳನ್ನು ಆರಿಸಿ ಮಾಡಿದ ಹೆಸರುಗಳು. ಆರೋಗ್ಯವಂತ ವಯಸ್ಕನಿಗೆ ದಿನವೊಂದಕ್ಕೆ ಇದರ ಮೇಲ್ಮಿತಿ 4 ಗ್ರಾಂ, ಅಂದರೆ 4,000 ಮಿಲಿಗ್ರಾಂ. ಕೃಶಶರೀರದವರಿಗೂ, ಯಕೃತ್ತಿನ ರೋಗವಿರುವವರಿಗೂ, ಮದ್ಯಪಾನಿಗಳಿಗೂ ಮಿತಿ ಇನ್ನೂ ಕಡಿಮೆ. ಮೀರಿದರೆ ಯಕೃತ್ತು ಹಾಳಾಗುತ್ತದೆ. ಮೊದಲ ದಿನ ಹೊರಗೆ ಏನೂ ತೋರದಿರುವುದರಿಂದ ಅಪಾಯ ಇಮ್ಮಡಿಯಾಗುತ್ತದೆ.

ಈಗ ಬೆನ್ನುನೋವಿನ ರೋಗಿಯೊಬ್ಬನ ಲೆಕ್ಕ ಹಾಕೋಣ. 650 ಮಿಲಿಗ್ರಾಮಿನ ಮಾತ್ರೆ ದಿನಕ್ಕೆ ನಾಲ್ಕು: 2,600. ಟ್ರಮಡಾಲ್ ಜೊತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಬೆರೆಸಿದ ಮಾತ್ರೆ ಮೂರು: 975. ನೆಗಡಿಯಾಯಿತೆಂದು ತಾನೇ ಅಂಗಡಿಯಿಂದ ತಂದ, 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುವ ಮಾತ್ರೆ ಮೂರು: 1,500. ಒಟ್ಟು 5,075 ಮಿಲಿಗ್ರಾಂ. ಮೂರು ಬೇರೆ ಬೇರೆ ಔಷಧ ತೆಗೆದುಕೊಂಡೆನೆಂದು ಅವನ ನಂಬಿಕೆ. ಆದರೆ ಒಂದೇ ಮದ್ದಿನ ಮಿತಿಯನ್ನು ಆತ ಮೀರಿದ್ದಾನೆ. ಮಾತ್ರೆಯ ಹಾಳೆಯ ಮೇಲೆ ದೊಡ್ಡದಾಗಿರುವ ವ್ಯಾಪಾರನಾಮವನ್ನಲ್ಲ, ಕೆಳಗೆ ಚಿಕ್ಕದಾಗಿರುವ ಮೂಲನಾಮವನ್ನು ಓದತಕ್ಕದ್ದು.

ಎನ್.ಎಸ್.ಎ.ಐ.ಡಿ. ಎಂಬ ಗುಂಪಿಗೂ ಇದೇ ಮಾತು ಸಲ್ಲುತ್ತದೆ. ಸ್ಟೀರಾಯ್ಡ್ ಅಲ್ಲದ, ಉರಿಯೂತವನ್ನು ತಗ್ಗಿಸುವ ಔಷಧಗಳು ಎಂದು ಅದರ ಅರ್ಥ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಇವೆಲ್ಲ ಒಂದೇ ಕುಲದವು. ಇವುಗಳಲ್ಲಿ ಎರಡನ್ನು ಒಟ್ಟಿಗೆ ನುಂಗಿದರೆ ನೋವು ಎರಡು ಪಾಲು ಇಳಿಯುವುದಿಲ್ಲ. ಜಠರದ ಹುಣ್ಣು ಮತ್ತು ಮೂತ್ರಪಿಂಡದ ಹಾನಿಯ ಸಂಭವ ಮಾತ್ರ ಹೆಚ್ಚುತ್ತದೆ.

ಮನಸ್ಸನ್ನು ನೋಯಿಸುವ ಪದಗಳು

ಎನ್.ಎ.ಡಿ. ಎಂದರೆ ಪರೀಕ್ಷೆಯಲ್ಲಿ ವಿಕೃತಿ ಕಂಡುಬರಲಿಲ್ಲ ಎಂದಷ್ಟೆ. ನೋವು ಸುಳ್ಳು ಎಂದಲ್ಲ. 'ಇಡಿಯೋಪತಿಕ್' ಎಂದರೆ ಕಾರಣ ತಿಳಿದುಬಂದಿಲ್ಲ ಎಂದು. ಚಿತ್ರದ ವರದಿಯಲ್ಲಿನ 'ಡಿಜನರೇಟಿವ್' ಎಂಬ ಪದವನ್ನು ಕಂಡು ಬೆನ್ನು ಕುಸಿದುಬೀಳುವುದೆಂದು ಕೆಲಸ ಬಿಟ್ಟು ಮಲಗುವವರಿದ್ದಾರೆ. ಬೆನ್ನುನೋವು ಇಲ್ಲದವರ ಚಿತ್ರಗಳನ್ನೇ ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಪರಿಶೀಲನೆಯೊಂದರ ಪ್ರಕಾರ ಮೆತ್ತೆಯ ಸವೆತವು ಇಪ್ಪತ್ತರ ವಯಸ್ಸಿನವರಲ್ಲಿ ನೂರಕ್ಕೆ 37 ಮಂದಿಯಲ್ಲೂ, ಎಂಬತ್ತರವರಲ್ಲಿ ನೂರಕ್ಕೆ 96 ಮಂದಿಯಲ್ಲೂ ಕಂಡುಬಂದಿದೆ. ತಲೆಗೂದಲು ನರೆತಂತೆ ಇದೂ ವಯಸ್ಸಿನ ಗುರುತಾಗಿರಬಹುದು.

ನೋವಿಗೆಂದು ಕೊಟ್ಟ ಅಮಿಟ್ರಿಪ್ಟಿಲಿನ್ ಖಿನ್ನತೆಯ ಔಷಧವೆಂದು ಓದಿ, ತನ್ನನ್ನು ಮನೋರೋಗಿ ಎಂದು ಬಗೆದರೆಂದು ನೊಂದುಕೊಳ್ಳುವವರೂ ಉಂಟು. ನರದ ಸುದ್ದಿಯನ್ನು ಶಮನಗೊಳಿಸುವ ಗುಣವೂ ಆ ಮದ್ದಿಗಿದೆ. ನೋವಿಗೆ ಕೊಡುವ ಪ್ರಮಾಣ ಸಾಮಾನ್ಯವಾಗಿ ಕಡಿಮೆ. ಮೂರ್ಛೆರೋಗಕ್ಕೂ ಬಳಸುವ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್‌ಗಳ ಮಾತೂ ಹೀಗೆಯೇ. ಇವನ್ನು ತಟ್ಟನೆ ನಿಲ್ಲಿಸಬಾರದು.

ಮಾರ್ಫಿನ್ ಮೊದಲಾದವುಗಳ ವಿಷಯದಲ್ಲಿ ಮೂರು ಪದಗಳನ್ನು ಬೆರೆಸಬಾರದು. ಮೊದಲಿನ ಪ್ರಮಾಣ ಸಾಲದೆ ಹೋಗುವುದು 'ಟಾಲರೆನ್ಸ್'. ಹಠಾತ್ತನೆ ನಿಲ್ಲಿಸಿದರೆ ದೇಹ ತತ್ತರಿಸುವುದು 'ಡಿಪೆಂಡೆನ್ಸ್'. ಕೇಡಾಗುತ್ತಿದ್ದರೂ ಬಿಡಲಾರದೆ ಬಯಸುವುದು 'ಅಡಿಕ್ಷನ್'. ಮೊದಲೆರಡು ದೇಹದ ಸಹಜ ಪ್ರತಿಕ್ರಿಯೆಗಳು. ಮೂರನೆಯದು ಮಾತ್ರ ವ್ಯಸನ. ವ್ಯಸನದ ಭಯ ಆಧಾರವಿಲ್ಲದ್ದಲ್ಲ; ಆದರೆ ಈ ಭೇದವನ್ನರಿಯದೆ ಕ್ಯಾನ್ಸರ್ ರೋಗಿಗೆ ಸಲ್ಲಬೇಕಾದ ಮದ್ದನ್ನು ಮನೆಯವರೇ ತಡೆಹಿಡಿಯುವುದು ಕ್ರೌರ್ಯವಾಗುತ್ತದೆ.

ರೋಗಿಗಳೇ ಕಟ್ಟಿದ ನುಡಿ

ವೈದ್ಯರ ಪದಗಳು ಸಾಲದೆ ರೋಗಿಗಳು ತಾವೇ ಕೆಲವನ್ನು ರೂಢಿಸಿಕೊಂಡಿದ್ದಾರೆ. ಇದ್ದ ನೋವು ಕೆಲವು ದಿನ ಉಲ್ಬಣಿಸುವುದು 'ಫ್ಲೇರ್'. ಯೋಚನೆ ಮಸುಕಾಗಿ, ಮಾತು ನೆನಪಿಗೆ ಬಾರದಿರುವುದು 'ಬ್ರೇನ್ ಫಾಗ್', ಅಂದರೆ ಬುದ್ಧಿಗೆ ಮಂಜು ಕವಿದಂತೆ. ಕೆಲಸವನ್ನು ತುಂಡುತುಂಡಾಗಿ ಮಾಡಿ, ದಣಿಯುವ ಮೊದಲೇ ವಿರಮಿಸುವುದು 'ಪೇಸಿಂಗ್'. ಲೂಪಸ್ ರೋಗವಿದ್ದ ಅಮೆರಿಕದ ಲೇಖಕಿ ಕ್ರಿಸ್ಟೀನ್ ಮಿಸೆರಾಂಡಿನೋ 2003ರಲ್ಲಿ ತನ್ನ ದಿನದ ಶಕ್ತಿಯನ್ನು ಚಮಚಗಳ ಲೆಕ್ಕದಲ್ಲಿ ವಿವರಿಸಿದಳು. ಕೈಯಲ್ಲಿರುವುದು ಇಷ್ಟೇ ಚಮಚ. ಸ್ನಾನಕ್ಕೊಂದು, ಅಡಿಗೆಗೊಂದು ಖರ್ಚಾಗುತ್ತದೆ. ಮುಗಿದರೆ ಸಂಜೆಗೆ ಉಳಿಯುವುದಿಲ್ಲ. ಇಂಗ್ಲಿಷ್ ಬಲ್ಲ ಅನೇಕ ರೋಗಿಗಳು ಇಂದು 'ಚಮಚ ಮುಗಿಯಿತು' ಎಂದೇ ತಮ್ಮ ಸ್ಥಿತಿಯನ್ನು ತಿಳಿಸುತ್ತಾರೆ.

ಇನ್ನು ರೋಗಿಯು ಮಾಡತಕ್ಕದ್ದೇನು? ಒಂದು ಹಾಳೆಯಲ್ಲಿ ನೋವು ಎಲ್ಲಿ, ಎಂದಿನಿಂದ, ಯಾವ ಬಗೆಯದು, ಯಾವುದರಿಂದ ಹೆಚ್ಚುತ್ತದೆ, ಯಾವುದರಿಂದ ತಗ್ಗುತ್ತದೆ ಎಂಬುದನ್ನು ತನ್ನ ಮನೆಮಾತಿನಲ್ಲೇ ಬರೆಯಲಿ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ನೋವಿನ ಅಂಕವನ್ನು ನಮೂದಿಸಲಿ. ಸೇವಿಸುತ್ತಿರುವ ಎಲ್ಲ ಔಷಧಗಳ ಮೂಲನಾಮವನ್ನೂ ಪ್ರಮಾಣವನ್ನೂ, ನಾಟಿ ಔಷಧಗಳನ್ನೂ ಬಿಡದೆ, ಕೆಳಗೆ ಪಟ್ಟಿಮಾಡಲಿ. ತಿಳಿಯದ ಸಂಕ್ಷೇಪಗಳ ಸುತ್ತ ಗೆರೆಯೆಳೆದು, ಮುಂದಿನ ಭೇಟಿಯಲ್ಲಿ ವೈದ್ಯರನ್ನೇ ಕೇಳಲಿ. ಕಾಲಿನ ಬಲ ಒಮ್ಮೆಗೇ ಕುಂದಿದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ನೋವಿನೊಡನೆ ಜ್ವರ ಬಂದರೆ ಅಥವಾ ದೇಹದ ತೂಕ ಕಾರಣವಿಲ್ಲದೆ ಇಳಿದರೆ ಪದಗಳ ಅರ್ಥ ಹುಡುಕುತ್ತ ಕೂರದೆ ಒಡನೆಯೇ ವೈದ್ಯರಲ್ಲಿಗೆ ಹೋಗತಕ್ಕದ್ದು.